ಮುಂಗಾಲು ಸೆಟೆದ ನಾಯಿ ಮತ್ತು ಷೆರಿಂಗ್ಟನ್

ಅಕ್ಕನ ಮಗಳು ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಿದ್ದಾಳೆ. ಪರೀಕ್ಷೆ ಹತ್ತಿರ ಬಂದರೆ ಪುಣೆಯಲ್ಲಿರುವ ನನಗೆ ಫೋನ್ ಮಾಡಿ ಪಾಠ ಒಪ್ಪಿಸುತ್ತಾಳೆ. ಅವಳಿಗೆ ಕೇಳಿಸಿಕೊಳ್ಳುವವರು ಬೇಕು, ನನಗೆ ಟ್ರಾಫಿಕ್‌ನಲ್ಲಿ ಹೊತ್ತು ಹೋಗಬೇಕು. ಹೀಗೆ ಹಿಂಜೆವಾಡಿ ರಸ್ತೆಯಲ್ಲಿ ನಿಂತಲ್ಲೇ ನಿಂತು ನಾನು ನಾಯಿಯ ನರಮಂಡಲವನ್ನು ಅಷ್ಟಿಷ್ಟು ಕಲಿತೆ. ಷಿಫ್-ಷೆರಿಂಗ್ಟನ್ ಎಂಬ ಜೋಡಿ ಹೆಸರು ಕಿವಿಗೆ ಬಿದ್ದದ್ದೂ ಹಾಗೆಯೇ. ಯಾರು ಮಾಮ ಇವರು ಎಂದು ಅವಳು ಕೇಳಿದ ಮೇಲೆ ಹುಡುಕಿ ಓದಲು ಕೂತೆ.

ಚಾರ್ಲ್ಸ್ ಸ್ಕಾಟ್ ಷೆರಿಂಗ್ಟನ್ ಹುಟ್ಟಿದ್ದು 1857ರ ನವೆಂಬರ್ 27ರಂದು, ಲಂಡನ್ನಿನಲ್ಲಿ. ಬೆಳೆದದ್ದು ಇಪ್ಸ್‌ವಿಚ್‌ನಲ್ಲಿ, ಕೇಲೆಬ್ ರೋಸ್ ಎಂಬ ಶಸ್ತ್ರವೈದ್ಯರ ಮನೆಯಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದು, ಜೊತೆಗೆ ರಗ್ಬಿ, ದೋಣಿ ಸ್ಪರ್ಧೆ. ಅವರನ್ನು ನರಗಳ ಕಡೆಗೆ ಎಳೆದದ್ದು ಒಂದು ನಾಯಿ. 1881ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನಕ್ಕೆ ಜರ್ಮನ್ ವಿಜ್ಞಾನಿ ಗೋಲ್ಟ್ಸ್, ಮೆದುಳಿನ ಭಾಗ ತೆಗೆದಿದ್ದ ನಾಯಿಯೊಂದನ್ನು ತಂದಿದ್ದರು. ಅದು ಓಡಾಡುತ್ತಿತ್ತು. ಮೆದುಳಿನ ಇಂಥ ಜಾಗ ಇಂಥ ಕೆಲಸಕ್ಕೆ ಎನ್ನುವ ಮಾತೇ ಸುಳ್ಳು ಎನ್ನುವುದು ಅವರ ವಾದ. ಇಂಗ್ಲೆಂಡಿನ ಫೆರಿಯರ್ ಅದನ್ನು ಒಪ್ಪಲಿಲ್ಲ. ಜಗಳ ಬಗೆಹರಿಯಲು ಆ ನಾಯಿಯ ಮೆದುಳು, ಬೆನ್ನುಹುರಿಯನ್ನೇ ಪರೀಕ್ಷಿಸಬೇಕಾಯಿತು. ಆ ಕೆಲಸದಲ್ಲಿ ಲ್ಯಾಂಗ್ಲಿ ಅವರ ಜೊತೆಗೂಡಿದ ತರುಣ ಷೆರಿಂಗ್ಟನ್. 1884ರಲ್ಲಿ ಬಂದ ಆ ಪ್ರಬಂಧದಿಂದಲೇ ಅವರ ದಾರಿ ಶುರು.

1891ರಲ್ಲಿ ಅವರು ಲಂಡನ್ನಿನ ಬ್ರೌನ್ ಸಂಸ್ಥೆಯ ಮುಖ್ಯಸ್ಥರಾದರು. ಇದು ಪ್ರಾಣಿಗಳ ಆಸ್ಪತ್ರೆಯೂ ಹೌದು, ಪ್ರಯೋಗಶಾಲೆಯೂ ಹೌದು. ಅಲ್ಲಿ ಕುದುರೆಯ ರಕ್ತದಿಂದ ಗಂಟಲಮಾರಿಯ ಪ್ರತಿವಿಷ ತಯಾರಿಸಿದರು. 1894ರಲ್ಲಿ ಸಂಬಂಧಿಕರ ಹುಡುಗನೊಬ್ಬ ಆ ರೋಗದಿಂದ ಸಾಯುವ ಸ್ಥಿತಿಗೆ ಬಂದಾಗ ಅದನ್ನೇ ಒಯ್ದು ಚುಚ್ಚಿ ಉಳಿಸಿಕೊಂಡರು. ಅದೇ ವರ್ಷ ಉಪನ್ಯಾಸಕ್ಕೆ ಬಂದ ಸ್ಪೇನಿನ ರಾಮೋನ್ ಇ ಕಹಾಲ್ ಅವರ ಮನೆಯಲ್ಲೇ ಉಳಿದರು. ಅತಿಥಿ ಹೊರಗೆ ಹೋಗುವಾಗ ಕೋಣೆಗೆ ಬೀಗ ಹಾಕಿಕೊಳ್ಳುತ್ತಿದ್ದರಂತೆ. ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡಿದ್ದು ಆಮೇಲೆ ಗೊತ್ತಾಯಿತು. ನರಕೋಶಗಳು ಒಂದಕ್ಕೊಂದು ಬೆಸೆದುಕೊಂಡಿಲ್ಲ, ಬಿಡಿಬಿಡಿ ಎಂದು ತೋರಿಸಿದವರು ಕಹಾಲ್. ಹಾಗಾದರೆ ಒಂದು ಇನ್ನೊಂದನ್ನು ಮುಟ್ಟುವ ಜಾಗಕ್ಕೆ ಹೆಸರು ಬೇಡವೇ? 1897ರಲ್ಲಿ ಮೈಕೇಲ್ ಫೋಸ್ಟರ್ ಅವರ ಪಠ್ಯಪುಸ್ತಕಕ್ಕಾಗಿ ಷೆರಿಂಗ್ಟನ್ ಅದನ್ನು ಸಿನಾಪ್ಸ್ ಎಂದು ಕರೆದರು.

ಅವರ ನಿಜವಾದ ಕೆಲಸ ರಿಫ್ಲೆಕ್ಸ್‌ಗಳದ್ದು. ಮಂಡಿಚಿಪ್ಪಿನ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರೆ ತೊಡೆಯ ಮುಂದಿನ ಸ್ನಾಯು ಕ್ಷಣಕಾಲ ಹಿಗ್ಗುತ್ತದೆ. ಸುದ್ದಿ ಜ್ಞಾನವಾಹಿ ನರದಲ್ಲಿ ಬೆನ್ನುಹುರಿಯ ಮೇಲ್ಬದಿಯಿಂದ ಒಳಹೋಗಿ, ಅಲ್ಲೇ ಒಂದು ಸಿನಾಪ್ಸ್ ದಾಟಿ, ಕೆಳಬದಿಯ ಕ್ರಿಯಾವಾಹಿ ನರದಲ್ಲಿ ಹೊರಬರುತ್ತದೆ. ಕಾಲು ಒದೆಯುತ್ತದೆ. ಮೆದುಳಿನ ಅಪ್ಪಣೆ ಬೇಕಿಲ್ಲ. ನಾಯಿಯಲ್ಲಿ ಈ ವ್ಯವಹಾರ ಸೊಂಟದ ಭಾಗದ ನಾಲ್ಕರಿಂದ ಆರನೆಯ ಖಂಡಗಳದ್ದು. ಕಾಲು ಒದೆಯದಿದ್ದರೆ ಪೆಟ್ಟು ಅಲ್ಲಿ ಅಥವಾ ಆ ನರದಲ್ಲಿದೆ. ಜೋರಾಗಿ ಒದ್ದರೆ ಪೆಟ್ಟು ಅದಕ್ಕಿಂತ ಮೇಲಿದೆ, ಮೆದುಳಿನಿಂದ ಬರುವ ಹಿಡಿತ ತಪ್ಪಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲಾಗ್ ಓದಿ ದೋಷ ಯಾವ ಮಾಡ್ಯೂಲ್‌ನಲ್ಲಿದೆ ಎಂದು ಪತ್ತೆ ಮಾಡಿದ ಹಾಗೆ.

ಷೆರಿಂಗ್ಟನ್ ಇದಕ್ಕೆ ಸೇರಿಸಿದ್ದು ಇನ್ನೊಂದು ಅರ್ಧ. ಮುಂದಿನ ಸ್ನಾಯು ಬಿಗಿಯಾಗುವಾಗ ಹಿಂದಿನದು ಸಡಿಲವಾಗಲೇಬೇಕು, ಇಲ್ಲದಿದ್ದರೆ ಎರಡೂ ಎಳೆದಾಡಿ ಕಾಲು ಅಲ್ಲಾಡುವುದೇ ಇಲ್ಲ. ಹೀಗೆ ತಡೆಯುವುದೂ ನರಮಂಡಲ ತಾನಾಗಿ ಮಾಡುವ ಕೆಲಸ ಎಂದು ತೋರಿಸಿದರು. ನಾಯಿ ಕೆರೆದುಕೊಳ್ಳುವುದನ್ನು ಅಭ್ಯಾಸ ಮಾಡಲು ವಿದ್ಯುತ್ ಚಿಗಟವನ್ನೇ ಕಟ್ಟಿಕೊಂಡಿದ್ದರು! 1904ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸಗಳು 1906ರಲ್ಲಿ ಪುಸ್ತಕವಾಗಿ ಬಂದವು. ನರಶಾಸ್ತ್ರದ ದೊಡ್ಡ ಗ್ರಂಥಗಳಲ್ಲಿ ಅದೂ ಒಂದು.

ಇನ್ನು ಆ ಜೋಡಿ ಹೆಸರು. ವಾಹನ ಗುದ್ದಿದ ನಾಯಿಯನ್ನು ಎತ್ತಿ ತರುತ್ತಾರೆ. ಹಿಂಗಾಲು ಸತ್ವವಿಲ್ಲದೆ ಬಿದ್ದಿವೆ, ಮುಂಗಾಲು ಕೋಲಿನಂತೆ ಸೆಟೆದಿವೆ. ನೋಡಿದವರಿಗೆ ನಾಲ್ಕೂ ಕಾಲು ಹೋದವು, ಕತ್ತು ಮುರಿದಿದೆ ಅನ್ನಿಸುತ್ತದೆ. ನೋವಿಲ್ಲದ ಸಾವು ಕೊಡಿಸೋಣ ಎಂಬ ಮಾತು ಬರುತ್ತದೆ. ಆದರೆ ನಾಯಿಯ ಸೊಂಟದ ಬೆನ್ನುಹುರಿಯಲ್ಲಿ ಕೆಲವು ಕೋಶಗಳಿವೆ, ಅವು ಮೇಲಕ್ಕೆ ತಂತು ಕಳಿಸಿ ಮುಂಗಾಲಿನ ಸ್ನಾಯುಗಳ ಬಿಗಿಯನ್ನು ಹದ್ದಿನಲ್ಲಿಡುತ್ತವೆ. ಎದೆ-ಸೊಂಟದ ನಡುವೆ ಪೆಟ್ಟು ಬಿದ್ದರೆ ಆ ತಡೆ ತಪ್ಪಿ ಮುಂಗಾಲು ಸೆಟೆಯುತ್ತವೆ. ಅವುಗಳಲ್ಲಿ ಶಕ್ತಿಯೂ ಇದೆ, ಸ್ಪರ್ಶವೂ ಇದೆ. ಷಿಫ್ ಮೊದಲು ಕಂಡ ಈ ಸಂಗತಿಯನ್ನು ಷೆರಿಂಗ್ಟನ್ ಮುಂದೆ ಅಭ್ಯಸಿಸಿದರು. ಈ ಸೆಟೆತ ಪೆಟ್ಟಿನ ಜಾಗ ಹೇಳುತ್ತದೆಯೇ ಹೊರತು ನಾಯಿ ಉಳಿಯುವುದಿಲ್ಲ ಎಂದು ಹೇಳುವುದಿಲ್ಲ.

ಅದನ್ನು ಹೇಳುವುದು ಬೇರೆ ಪರೀಕ್ಷೆ. ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಗಟ್ಟಿಯಾಗಿ ಒತ್ತುತ್ತಾರೆ. ಕಾಲು ಹಿಂದಕ್ಕೆ ಎಳೆದುಕೊಂಡರೆ ಮನೆಯವರು ಹಿಗ್ಗುತ್ತಾರೆ, ಪಾಪ. ಅದು ಬರೀ ರಿಫ್ಲೆಕ್ಸ್, ಬೆನ್ನುಹುರಿ ಪೂರ್ತಿ ತುಂಡಾಗಿದ್ದರೂ ಆಗುತ್ತದೆ. ನಾಯಿ ತಿರುಗಿ ನೋಡಬೇಕು, ಕುಂಯ್ ಅನ್ನಬೇಕು, ಕಚ್ಚಲು ಬರಬೇಕು. ಆಗ ನೋವು ಮೆದುಳಿಗೆ ಮುಟ್ಟಿದೆ ಎಂದರ್ಥ. ಮುಟ್ಟಿದ್ದರೆ ಮತ್ತೆ ನಡೆಯುವ ಆಸೆ ಚೆನ್ನಾಗಿಯೇ ಇರುತ್ತದೆ. ಇದನ್ನು ಹೇಳುವಾಗ ಹುಡುಗಿಯ ದನಿ ಮೆತ್ತಗಾಗಿತ್ತು, ಕಾಲು ಎಳೆದುಕೊಂಡದ್ದನ್ನು ನೋಡಿ ಕೈಮುಗಿದ ಮಾಲೀಕರಿಗೆ ನಿಜ ಹೇಳುವ ಸರದಿ ಮುಂದೆ ಅವಳದ್ದೂ ಬರುತ್ತದಲ್ಲ.

ಈ ತಿಳಿವಳಿಕೆ ಬಂದದ್ದು ಬೆಕ್ಕು, ನಾಯಿ, ಕೋತಿಗಳ ಬೆನ್ನುಹುರಿ, ಮೆದುಳು ಕತ್ತರಿಸಿ. 1876ರಲ್ಲೇ ಇಂಗ್ಲೆಂಡ್ ಇಂಥ ಪ್ರಯೋಗಗಳಿಗೆ ಪರವಾನಗಿಯ ಕಾನೂನು ತಂದಿತ್ತು. ಆದರೂ ಓದುವಾಗ ನನಗೆ ಇರಿಸುಮುರಿಸಾಯಿತು. ಅವಳಿಗೆ ಹೇಳಿದೆ. ಅದಕ್ಕೇ ಪಾಠವನ್ನು ಸರಿಯಾಗಿ ಓದುತ್ತಿದ್ದೇನೆ ಎಂದಳು.

ಉಳಿದದ್ದು ದೊಡ್ಡ ಗೌರವಗಳ ಪಟ್ಟಿ. 1895ರಿಂದ ಲಿವರ್‌ಪೂಲ್, 1913ರಿಂದ ಆಕ್ಸ್‌ಫರ್ಡ್. 1920ರಿಂದ ಐದು ವರ್ಷ ರಾಯಲ್ ಸೊಸೈಟಿಯ ಅಧ್ಯಕ್ಷತೆ, 1932ರಲ್ಲಿ ಏಡ್ರಿಯನ್ ಜೊತೆ ನೊಬೆಲ್. ನನಗೆ ಹಿಡಿಸಿದ್ದು ಬೇರೆ: ಮೊದಲ ಮಹಾಯುದ್ಧದಲ್ಲಿ, ಸುಮಾರು 57ರ ವಯಸ್ಸಿನಲ್ಲಿ, ಕಾರ್ಮಿಕರ ದಣಿವು ಅರಿಯಲು ಬರ್ಮಿಂಗ್‌ಹ್ಯಾಮ್‌ನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೂಲಿಯವರ ಹಾಗೆ ದುಡಿದರು. 1925ರಲ್ಲಿ ಕವನ ಸಂಕಲನವನ್ನೂ ತಂದರು. ಕೊನೆಗಾಲದಲ್ಲಿ ಕೀಲುವಾತ ಅವರ ಓಡಾಟ ನಿಲ್ಲಿಸಿತು, ಬುದ್ಧಿ ಮಾತ್ರ ಚುರುಕಾಗಿಯೇ ಇತ್ತು. ಬ್ರೌನ್ ಸಂಸ್ಥೆಯ ಕಟ್ಟಡ 1944ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಷೆರಿಂಗ್ಟನ್ ಅದಾದ ಮೇಲೂ ಬದುಕಿದ್ದು, 1952ರ ಮಾರ್ಚ್ 4ರಂದು ಈಸ್ಟ್‌ಬೋರ್ನ್‌ನಲ್ಲಿ, 94ರ ವಯಸ್ಸಿನಲ್ಲಿ ತೀರಿಕೊಂಡರು.