ಗಿಡಮರಗಳಿಂದ ಹವಾಗುಣವನ್ನು ಓದಿದ ಕೊಪ್ಪೆನ್

ಭೂಗೋಳದ ಪಾಠದಲ್ಲಿ ಉಷ್ಣವಲಯ, ಮರುಭೂಮಿ, ಹುಲ್ಲುಗಾವಲು, ಹಿಮಪ್ರದೇಶ ಎಂಬ ಹೆಸರುಗಳನ್ನು ನಾವೆಲ್ಲರೂ ಓದಿದ್ದೇವೆ. ಅಟ್ಲಾಸಿನಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣ. ಆದರೆ ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗಬೇಕೆಂದು ಗೊತ್ತುಮಾಡುವುದು ಸುಲಭವಲ್ಲ. ಆ ಕೆಲಸಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದುಡಿದವರು ವ್ಲಾಡಿಮಿರ್ ಕೊಪ್ಪೆನ್.

ಕೊಪ್ಪೆನ್ 1846ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಜರ್ಮನ್ ಮೂಲದ ಮನೆತನದಲ್ಲಿ ಜನಿಸಿದರು. ತಂದೆ ಪೀಟರ್ ಕೊಪ್ಪೆನ್ ಹೆಸರಾಂತ ಭೂಗೋಳ ವಿದ್ವಾಂಸರು. ಶಾಲಾ ಶಿಕ್ಷಣ ನಡೆದದ್ದು ದಕ್ಷಿಣದ ಕ್ರಿಮಿಯಾದ ಸಿಮ್ಫರೋಪೋಲ್‌ನಲ್ಲಿ. 1864ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯ ಸೇರಿ ಸಸ್ಯಶಾಸ್ತ್ರ ಓದತೊಡಗಿದರು. ಊರಿಗೂ ವಿಶ್ವವಿದ್ಯಾನಿಲಯಕ್ಕೂ ನಡುವಿನ ಉದ್ದನೆಯ ಪ್ರಯಾಣವೇ ಅವರಿಗೆ ಮೊದಲ ಪಾಠವಾಯಿತು. ಉತ್ತರದ ಚಳಿಯ ಕಾಡುಗಳು ಮುಗಿದು ಮರವಿಲ್ಲದ ಹುಲ್ಲುಗಾವಲು ಬರುತ್ತಿತ್ತು. ಅದನ್ನು ದಾಟಿದರೆ ಕ್ರಿಮಿಯಾದ ಬೆಟ್ಟಗಳು, ಆಚೆಗೆ ಕಪ್ಪು ಸಮುದ್ರದ ಬೆಚ್ಚನೆಯ ತೀರ. ಹವೆ ಬದಲಾದಂತೆ ಗಿಡಮರಗಳೂ ಬದಲಾಗುವುದು ಅವರ ಕಣ್ಣೆದುರಿಗೇ ಇತ್ತು. 1867ರಲ್ಲಿ ಹೈಡಲ್‌ಬರ್ಗ್‌ಗೆ ಹೋದ ಅವರು, 1870ರಲ್ಲಿ ಲೈಪ್ಸಿಗ್‌ನಲ್ಲಿ ಸಸ್ಯಗಳ ಬೆಳವಣಿಗೆಯ ಮೇಲೆ ಉಷ್ಣತೆಯ ಪರಿಣಾಮ ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು.

1875ರಲ್ಲಿ ಅವರು ಹ್ಯಾಂಬರ್ಗ್‌ನ ಜರ್ಮನ್ ಸಾಗರ ವೀಕ್ಷಣಾಲಯ ಸೇರಿದರು. ಹವಾಮುನ್ಸೂಚನೆ, ಕಡಲಿಗಿಳಿಯುವವರಿಗೆ ಬಿರುಗಾಳಿಯ ಎಚ್ಚರಿಕೆ ನೀಡುವುದು ಅವರ ಹೊಣೆಯಾಯಿತು. ಕೆಲವು ವರ್ಷಗಳ ನಂತರ ಸಂಶೋಧನೆಗೆ ಬಿಡುವು ದೊರೆಯಿತು. ಅಷ್ಟರಲ್ಲಿ, 1873ರ ವಿಯೆನ್ನಾ ಸಮ್ಮೇಳನದ ತರುವಾಯ, ದೇಶದೇಶಗಳ ಹವಾ ವೀಕ್ಷಣೆಗಳನ್ನು ಒಂದೇ ಕ್ರಮಕ್ಕೆ ತರುವ ಪ್ರಯತ್ನ ನಡೆದಿತ್ತು. ಉಷ್ಣತೆ ಮತ್ತು ಮಳೆಯ ಅಂಕಿಗಳು ರಾಶಿಯಾಗಿ ಬೀಳುತ್ತಿದ್ದವು. ಅವುಗಳಿಗೆ ಅರ್ಥ ಕೊಡುವವರು ಬೇಕಾಗಿತ್ತು.

ಕೊಪ್ಪೆನ್ ಹಿಡಿದ ದಾರಿ ಸರಳವಾದದ್ದು. ಅಂಕಿಗಳನ್ನು ಮನುಷ್ಯನ ಅನುಕೂಲದಿಂದ ನೋಡದೆ ಗಿಡದ ಬದುಕಿನಿಂದ ನೋಡಿದರು. 1884ರಲ್ಲಿ, ವರ್ಷದಲ್ಲಿ ಎಷ್ಟು ತಿಂಗಳು ಬಿಸಿ, ಎಷ್ಟು ತಿಂಗಳು ಚಳಿ ಎಂಬುದರ ಮೇಲೆ ಉಷ್ಣ ವಲಯಗಳ ನಕ್ಷೆ ರಚಿಸಿದರು. 1900ರಲ್ಲಿ ಮಳೆಯನ್ನೂ ಸೇರಿಸಿ, ಸಸ್ಯವರ್ಗಗಳನ್ನು ಆಧರಿಸಿ ಹವಾಗುಣದ ವರ್ಗೀಕರಣ ಪ್ರಕಟಿಸಿದರು. ಎ, ಬಿ, ಸಿ, ಡಿ, ಇ ಎಂಬ ಐದು ಅಕ್ಷರಗಳಲ್ಲಿ ಇಡೀ ಭೂಮಿ ಅಡಗಿತು. ಅತಿ ಚಳಿಯ ತಿಂಗಳಿನ ಸರಾಸರಿಯೂ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಿದ್ದರೆ ಅದು ಉಷ್ಣವಲಯದ ‘ಎ’. ಅತಿ ಬೆಚ್ಚಗಿನ ತಿಂಗಳೂ 10 ಡಿಗ್ರಿ ಮುಟ್ಟದಿದ್ದರೆ ಅದು ‘ಇ’. ಮರಗಳು ಬೆಳೆಯುವ ಉತ್ತರದ ಗಡಿ ಹೆಚ್ಚುಕಡಿಮೆ ಆ ರೇಖೆಯಲ್ಲೇ ನಿಲ್ಲುತ್ತದೆ.

ಒಣ ಪ್ರದೇಶವಾದ ‘ಬಿ’ಯನ್ನು ಗುರುತಿಸುವಲ್ಲಿ ಅವರ ಸೂಕ್ಷ್ಮತೆ ಎದ್ದು ಕಾಣುತ್ತದೆ. ಬಿದ್ದ ಮಳೆಯೆಲ್ಲ ಬೇರಿಗೆ ದಕ್ಕುವುದಿಲ್ಲ. ಬೇಸಗೆಯ ಮಳೆ ಬೇಗ ಆವಿಯಾಗುತ್ತದೆ, ಚಳಿಗಾಲದ್ದು ನೆಲದಲ್ಲಿ ಉಳಿಯುತ್ತದೆ. ಆದ್ದರಿಂದ ವರ್ಷದ ಸರಾಸರಿ ಉಷ್ಣತೆಯ ಎರಡರಷ್ಟನ್ನು ಸೆಂಟಿಮೀಟರ್ ಮಳೆಯೆಂದು ಎಣಿಸಿ, ಬಿಸಿ ಋತುವಿನಲ್ಲೇ ಹೆಚ್ಚು ಮಳೆ ಬೀಳುವ ಕಡೆ ಅದಕ್ಕೆ 28 ಕೂಡಿಸಬೇಕೆಂದರು. ನಮ್ಮ ವಿಜಯಪುರವನ್ನು ನೋಡಿ: ಸರಾಸರಿ ಉಷ್ಣತೆ 27 ಡಿಗ್ರಿ ಎಂದು ಹಿಡಿದರೆ ಗಡಿ 82 ಸೆಂಟಿಮೀಟರ್. ಅಲ್ಲಿ ಬೀಳುವ ಮಳೆ ಸುಮಾರು 60. ಆದ್ದರಿಂದ ಅದು ಅರೆಶುಷ್ಕ. ಅದೇ ರಾಜ್ಯದ ಮಂಗಳೂರಿನಲ್ಲಿ 300 ಸೆಂಟಿಮೀಟರಿಗೂ ಹೆಚ್ಚು ಮಳೆ. ಕೆಲವು ತಿಂಗಳು ಒಣಗಿದ್ದರೂ ಮಳೆಗಾಲದ ನೀರು ಕಾಡನ್ನು ಹಸಿರಾಗಿ ಉಳಿಸುತ್ತದೆ. ಅದು ಮಾನ್ಸೂನ್ ಹವಾಗುಣ.

ಕೊಪ್ಪೆನ್ ತಮ್ಮ ಮೊದಲ ಮಾತನ್ನೇ ಕೊನೆಯದೆಂದು ಹಟ ಹಿಡಿಯಲಿಲ್ಲ. ಹೊಸ ಅಂಕಿಗಳು ಬಂದಂತೆ ಗಡಿಗಳನ್ನು ತಿದ್ದಿದರು. 1918ರಲ್ಲಿ ಪರಿಷ್ಕರಿಸಿದರು. 1928ರಲ್ಲಿ ರುಡಾಲ್ಫ್ ಗೈಗರ್ ಅವರೊಡನೆ ಜಗತ್ತಿನ ಹವಾಗುಣದ ಗೋಡೆ ನಕ್ಷೆ ಹೊರತಂದರು. ಸುಮಾರು 90ರ ವಯಸ್ಸಿನಲ್ಲಿ, 1936ರಲ್ಲಿ, ಮತ್ತೊಮ್ಮೆ ತಿದ್ದಿದರು. ಮಗಳು ಎಲ್ಸಾಳ ಪತಿ ಆಲ್ಫ್ರೆಡ್ ವೆಗೆನರ್, ಖಂಡಗಳು ಚಲಿಸುತ್ತವೆಂದು ವಾದಿಸಿದ ವಿಜ್ಞಾನಿ. ಮಾವ-ಅಳಿಯ ಕೂಡಿ 1924ರಲ್ಲಿ ಪ್ರಾಚೀನ ಯುಗಗಳ ಹವಾಗುಣದ ಬಗ್ಗೆ ಗ್ರಂಥ ಬರೆದರು. 1930ರಲ್ಲಿ ವೆಗೆನರ್ ಗ್ರೀನ್‌ಲೆಂಡಿನ ಹಿಮದಲ್ಲಿ ತೀರಿಕೊಂಡರು. ಆ ದುಃಖದ ನಡುವೆಯೂ ವೃದ್ಧ ಕೊಪ್ಪೆನ್ ಕೆಲಸ ಬಿಡಲಿಲ್ಲ. 1940ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಅವರು ನಿಧನರಾದರು.

ಇಂದು ಭೂಮಿಯ ನೆಲವನ್ನೆಲ್ಲ ಸುಮಾರು ಒಂದು ಚದರ ಕಿಲೋಮೀಟರ್ ಚೌಕಗಳಾಗಿ ಹಂಚಿ, ಪ್ರತಿ ಚೌಕದ ತಿಂಗಳವಾರು ಉಷ್ಣತೆ ಮತ್ತು ಮಳೆಯ ಅಂದಾಜನ್ನು ಕಂಪ್ಯೂಟರಿನಲ್ಲಿ ಪಡೆಯಬಹುದು. ಒಂದು ಮರ, ಒಂದು ಕಪ್ಪೆ, ಒಂದು ಹಕ್ಕಿ ಎಲ್ಲಿ ಬದುಕಬಲ್ಲದು, ಬಿಸಿ ಏರಿದರೆ ಅದಕ್ಕೆ ಎಲ್ಲಿ ನೆಲೆ ಎಂದು ಜೀವಿಪರಿಸರ ವಿಜ್ಞಾನಿಗಳು ಇದರಿಂದ ಲೆಕ್ಕ ಹಾಕುತ್ತಾರೆ. ಸಾಧನ ಹೊಸದು, ಪ್ರಶ್ನೆ ಕೊಪ್ಪೆನ್ನರದೇ. ಆದರೆ ಆ ಚೌಕಗಳಿಗೆಲ್ಲ ಆಧಾರ ಎಲ್ಲೋ ಒಂದು ಊರಿನಲ್ಲಿ ತಪ್ಪದೆ ಮಳೆಮಾಪಕ ನೋಡಿ ಬರೆದಿಟ್ಟ ಅಂಕಿ. ಮಾಪಕಗಳಿಲ್ಲದ ಕಡೆ ಅಂದಾಜೂ ದುರ್ಬಲ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವಿಟ್ಟು, ದಿನವೂ ಒಂದೇ ಹೊತ್ತಿಗೆ ಪ್ರಾಮಾಣಿಕವಾಗಿ ಓದಿ ಬರೆಯುವ ವಿದ್ಯಾರ್ಥಿಯೂ ಈ ಪರಂಪರೆಗೆ ಸೇರಿದವನೇ, ಸೇರಿದವಳೇ.