ಸಾವಿರ ಗುಲಾಮರಲ್ಲಿ ಒಬ್ಬ

ರಾಮನಗರದಲ್ಲಿ ಎಫ್‌ಡಿಎ ಪರೀಕ್ಷೆಗೆ ಓದುವಾಗ ಮಲಿಕ್ ಅಂಬರ್ ನನಗೆ ಒಂದು ಅಂಕದ ಪ್ರಶ್ನೆಯಾಗಿದ್ದ. ದಖ್ಖನ್ನಿನಲ್ಲಿ ಗೆರಿಲ್ಲಾ ಯುದ್ಧಕ್ಕೆ ಹೆಸರಾದವನು ಯಾರು? ಉತ್ತರ ಉರು ಹೊಡೆದು ಮುಂದಿನ ಪುಟಕ್ಕೆ ಹೋಗಿದ್ದೆ. ಆಮೇಲೊಂದು ದಿನ ಗೆಳೆಯ, ಸ್ಟೀವನ್ ಬಾರ್ನ್ಸ್ 2002ರಲ್ಲಿ ಬರೆದ ‘ಲಯನ್ಸ್ ಬ್ಲಡ್’ ಕಾದಂಬರಿಯ ಕಥೆ ಹೇಳಿದ. ಅದರಲ್ಲಿ ಇತಿಹಾಸವೇ ತಿರುವುಮುರುವು. ಆಫ್ರಿಕಾದವರು ಒಡೆಯರು, ಐರ್ಲೆಂಡಿನ ಹುಡುಗ ಗುಲಾಮ. ಹೀಗೂ ಆಗಿದ್ದರೆ ಎಂದು ಯೋಚಿಸುವಾಗ ಅಂಬರ್ ಮತ್ತೆ ನೆನಪಾದ. ಆಫ್ರಿಕಾದಿಂದ ಬಂದ ಗುಲಾಮನೊಬ್ಬ ನಮ್ಮ ದಖ್ಖನ್ನಿನಲ್ಲಿ ನಿಜವಾಗಿಯೂ ರಾಜ್ಯಭಾರ ನಡೆಸಿದ್ದ!

1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿದ ಆತನ ಮೊದಲ ಹೆಸರು ಚಾಪು. ಚಿಕ್ಕಂದಿನಲ್ಲೇ ವ್ಯಾಪಾರಿಗಳ ಪಾಲಾಗಿ, ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತ ಬಾಗ್ದಾದ್ ಸೇರಿದ. ಅಲ್ಲಿನ ಒಡೆಯ ವಿದ್ಯೆ ಕಲಿಸಿ, ಅಂಬರ್ ಎಂದು ಹೆಸರಿಟ್ಟ. 1570ರ ದಶಕದಲ್ಲಿ ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನ್ ಆತನನ್ನು ಕೊಂಡುಕೊಂಡ. ಪೇಶ್ವೆಯೂ ಒಂದು ಕಾಲದ ಗುಲಾಮನೇ. ಆತನ ಬಳಿ ಸಾವಿರದಷ್ಟು ಹಬ್ಶಿ ಗುಲಾಮರಿದ್ದರು. ಅಂಬರ್ ಅವರಲ್ಲಿ ಒಬ್ಬ.

ಪೇಶ್ವೆ ಸತ್ತ ಮೇಲೆ ಆತನ ಹೆಂಡತಿ ಅಂಬರ್‌ನನ್ನು ಬಿಡುಗಡೆ ಮಾಡಿದಳು. ಕೈಯಲ್ಲಿ ಕೆಲಸವಿಲ್ಲದ ಸಿಪಾಯಿ ಬಿಜಾಪುರದಲ್ಲೂ ಕೆಲ ಕಾಲ ದುಡಿದ. 1600ರಲ್ಲಿ ಅಕ್ಬರನ ಸೇನೆ ಅಹಮದ್‌ನಗರದ ಕೋಟೆ ಹಿಡಿದಾಗ ರಾಜ್ಯ ಮುಗಿಯಿತೆಂದೇ ಎಲ್ಲರೂ ತಿಳಿದರು. ಅಂಬರ್ ರಾಜವಂಶದ ಯುವಕನೊಬ್ಬನನ್ನು ಪಟ್ಟಕ್ಕೆ ಕೂರಿಸಿ, ಮಗಳನ್ನು ಕೊಟ್ಟು ಮದುವೆ ಮಾಡಿ, ಆಡಳಿತ ತಾನೇ ವಹಿಸಿಕೊಂಡ. ಖಡ್ಕಿ ಎಂಬ ಊರು ಕಟ್ಟಿ, ಕಾಲುವೆ ತೋಡಿಸಿ ನೀರು ತಂದ. ಅದೇ ಮುಂದೆ ಔರಂಗಾಬಾದ್ ಆಯಿತು. ಜಹಾಂಗೀರನಿಗೆ ಆತನನ್ನು ಮಣಿಸಲು ಆಗಲೇ ಇಲ್ಲ. ಕೊನೆಗೆ ಅಂಬರ್‌ನ ರುಂಡಕ್ಕೆ ತಾನು ಬಾಣ ಬಿಡುವಂತೆ ಚಿತ್ರ ಬರೆಸಿಕೊಂಡ!

1624ರಲ್ಲಿ ಮೊಘಲರು ಮತ್ತು ಬಿಜಾಪುರದವರು ಒಟ್ಟಾಗಿ ಬಂದಾಗ ಅಂಬರ್ ಕೆರೆ ಏರಿ ಒಡೆಸಿ, ಅವರ ದಾರಿಯನ್ನು ಕೆಸರು ಮಾಡಿ, ಭಾತವಾಡಿಯಲ್ಲಿ ಸೋಲಿಸಿದ. ಆ ದಿನ ಆತನ ಕಡೆ ಹೋರಾಡಿದ್ದ ಶಹಾಜಿ ಭೋಸಲೆ ಮುಂದೆ ಬಿಜಾಪುರ ಸೇರಿ, 1638ರಲ್ಲಿ ಬೆಂಗಳೂರಿಗೆ ಬಂದ. ಬೆಂಗಳೂರು ಕಳೆದುಕೊಂಡ ಕೆಂಪೇಗೌಡರ ಮನೆತನ ನಮ್ಮ ಮಾಗಡಿಯಲ್ಲಿ ನೆಲೆ ನಿಂತಿತು. ಅಂಬರ್ ಅಷ್ಟರಲ್ಲಿ ತೀರಿಕೊಂಡಿದ್ದ. 1626ರಲ್ಲಿ ಸತ್ತಾಗ ಆತನಿಗೆ ಎಂಬತ್ತರ ಹತ್ತಿರ. ಗೋರಿ ಖುಲ್ದಾಬಾದಿನಲ್ಲಿದೆ.

ಇಷ್ಟು ಓದಿ, ಛಲವಿದ್ದರೆ ಗುಲಾಮನೂ ದೊರೆಯಾಗಬಹುದು ಎಂದು ಡೈರಿಯಲ್ಲಿ ಬರೆದುಕೊಂಡೆ. ಆದರೆ ಒಂದು ಸಂಗತಿ ಚುಚ್ಚುತ್ತಲೇ ಇತ್ತು. ಅಧಿಕಾರ ಸಿಕ್ಕ ಮೇಲೆ ಅಂಬರ್ ಕೂಡ ಹಬ್ಶಿ ಗುಲಾಮರನ್ನು ಕೊಂಡೇ ಪಡೆ ಕಟ್ಟಿದ. ತಾನು ಮಾರಾಟವಾದ ಸಂತೆಯನ್ನು ಮುಚ್ಚಿಸಲಿಲ್ಲ. ಜೊತೆಯಲ್ಲಿದ್ದ ಸಾವಿರ ಮಂದಿಯಲ್ಲಿ ಉಳಿದವರ ಹೆಸರನ್ನು ಯಾವ ಪರೀಕ್ಷೆಯೂ ಕೇಳುವುದಿಲ್ಲ.

ನಮ್ಮ ತಾತ ಅಂಥ ಹೆಸರಿಲ್ಲದವರಲ್ಲೊಬ್ಬರು. ಅವರಪ್ಪ ಮದುವೆಗೆ ಮಾಡಿದ್ದ ಸಾಲಕ್ಕೆ ಮಾಗಡಿ ಸೀಮೆಯ ಒಂದು ಮನೆಯಲ್ಲಿ ಹತ್ತನೇ ವಯಸ್ಸಿಗೇ ಜೀತಕ್ಕೆ ಸೇರಿದರು. ದನ ಮೇಯಿಸಿದರು, ರಾಗಿ ಹೊಲ ಉತ್ತರು. ಅವರಿಗೇನು ಛಲ ಕಡಿಮೆ ಇತ್ತೇ? ಅವರನ್ನು ಬಿಡಿಸಿದ್ದು ಜೀತ ಪದ್ಧತಿ ರದ್ದು ಮಾಡಿದ 1976ರ ಕಾಯ್ದೆ. ಅದು ತಾತನೊಬ್ಬರನ್ನೇ ಅಲ್ಲ, ಸಾಲವನ್ನೂ ಸೇರಿಸಿ ಎಲ್ಲರನ್ನೂ ಬಿಡಿಸಿತು.

ಆ ಕಾಯ್ದೆ ಇಪ್ಪತ್ತು ವರ್ಷ ಮೊದಲೇ ಬಂದಿದ್ದರೆ? ನನ್ನ ಮಟ್ಟಿಗೆ ಇದೇ ದೊಡ್ಡ ಕಾಲ್ಪನಿಕ ಕಾದಂಬರಿ. ಮೊನ್ನೆ ಹಾಲ್ ಟಿಕೆಟ್ ತೋರಿಸಿದಾಗ ತಾತ ಅದನ್ನು ಕಣ್ಣಿನ ಹತ್ತಿರ ಹಿಡಿದು ನನ್ನ ಫೋಟೊ ನೋಡಿ ನಕ್ಕರು. ಪಕ್ಕದಲ್ಲಿದ್ದ ಹೆಸರನ್ನು ನಾನೇ ಓದಿ ಹೇಳಬೇಕಾಯಿತು.