ಮ್ಯಾಗ್ನೆಟ್ ಬಳೆ ತೊಟ್ಟರೆ ರಕ್ತದ ಓಟ ಹೆಚ್ಚುತ್ತದೆಯೇ? ಫ್ಯಾರಡೆ ಬದುಕಿನಲ್ಲಿದೆ ಉತ್ತರ

ರಕ್ತದಲ್ಲಿ ಕಬ್ಬಿಣವಿದೆ, ಮ್ಯಾಗ್ನೆಟ್ ಬಳೆ ತೊಟ್ಟರೆ ರಕ್ತ ಜೋರಾಗಿ ಹರಿದು ಕೈಕಾಲು ಬೆಚ್ಚಗಾಗುತ್ತದೆ ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಹರಿಯುವ ದ್ರವಕ್ಕೂ ಆಯಸ್ಕಾಂತಕ್ಕೂ ಏನು ನಂಟು? ಈ ಪ್ರಶ್ನೆಯನ್ನು ಮೊದಲೇ ಕೈಗೆತ್ತಿಕೊಂಡವರು ಮೈಕೆಲ್ ಫ್ಯಾರಡೆ. ಅವರ ಬದುಕನ್ನೊಮ್ಮೆ ನೋಡೋಣ.

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಇಂಗ್ಲೆಂಡಿನಲ್ಲಿ. ತಂದೆ ಕಮ್ಮಾರ, ಮನೆಯಲ್ಲಿ ಬಡತನ. 14ನೇ ವಯಸ್ಸಿಗೆ ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿದರು. ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತರು. 1812ರಲ್ಲಿ ವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸ ಕೇಳಿ, ಟಿಪ್ಪಣಿಗಳನ್ನು ಪುಸ್ತಕವಾಗಿ ಕಟ್ಟಿ ಅವರಿಗೇ ಕಳಿಸಿದರು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಾಲಯದಲ್ಲಿ ಸಹಾಯಕರಾದರು.

ಆಯಸ್ಕಾಂತದಿಂದ ವಿದ್ಯುತ್ ಹುಟ್ಟಿಸಬಹುದೆಂದು 1831ರಲ್ಲಿ ತೋರಿಸಿದರು. ಆಯಸ್ಕಾಂತದ ಬಳಿ ಚಲಿಸುವ ತಂತಿಯಲ್ಲಿ ವಿದ್ಯುತ್ ಹುಟ್ಟುವುದಾದರೆ, ಭೂಮಿಯ ಕಾಂತಕ್ಷೇತ್ರದಲ್ಲಿ ಹರಿಯುವ ನದಿಯಲ್ಲೂ ಹುಟ್ಟಬೇಕಲ್ಲ? 1832ರಲ್ಲಿ ಲಂಡನ್ನಿನ ವಾಟರ್‌ಲೂ ಸೇತುವೆಯ ಮೇಲೆ ತಾಮ್ರದ ತಂತಿ ಎಳೆದು, ತುದಿಗಳಿಗೆ ಕಟ್ಟಿದ ಫಲಕಗಳನ್ನು ಥೇಮ್ಸ್ ನದಿಗೆ ಇಳಿಬಿಟ್ಟರು. ಸ್ಪಷ್ಟ ಉತ್ತರ ಸಿಗಲಿಲ್ಲ. ಅದನ್ನು ಮುಚ್ಚಿಡದೆ ವರದಿ ಮಾಡಿದರು.

ಆದರೆ ಅವರ ಊಹೆ ಸರಿಯಾಗಿತ್ತು. ವಿದ್ಯುತ್ ಹರಿಯಬಲ್ಲ ದ್ರವ ಕಾಂತಕ್ಷೇತ್ರವನ್ನು ಅಡ್ಡ ಹಾಯ್ದರೆ ಅದರೊಳಗೆ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತೇ ಹರಿವಿಗೆ ಬ್ರೇಕ್ ಹಾಕುತ್ತದೆ. ಹರಿವು ಬದಲಾದರೆ ಅದು ಹೊತ್ತೊಯ್ಯುವ ಶಾಖವೂ ಬದಲಾಗುತ್ತದೆ. ಇಂದು ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಲೋಹ ಅಚ್ಚಿಗೆ ನುಗ್ಗುವ ವೇಗ ತಗ್ಗಿಸಲು ಈ ತಂತ್ರ ಬಳಕೆಯಲ್ಲಿದೆ.

ಹಾಗಾದರೆ ರಕ್ತ? 1845ರಲ್ಲಿ ಫ್ಯಾರಡೆ ಬಲವಾದ ವಿದ್ಯುತ್ಕಾಂತದ ಮುಂದೆ ಸೇಬು, ಮಾಂಸ, ರಕ್ತ ಎಲ್ಲವನ್ನೂ ಇಟ್ಟು ನೋಡಿದರು. ರಕ್ತ ಕಬ್ಬಿಣದಂತೆ ಅಂಟಿಕೊಳ್ಳಲಿಲ್ಲ. ತುಸುವೇ ವಿಕರ್ಷಣೆ ತೋರಿತು. ರಕ್ತದ ಕಬ್ಬಿಣ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನೊಳಗೆ ಬಂಧಿಯಾಗಿರುತ್ತದೆ, ಮೊಳೆಯ ಕಬ್ಬಿಣದಂತೆ ವರ್ತಿಸುವುದಿಲ್ಲ. ಜೊತೆಗೆ ರಕ್ತ ನೀರಿನಂಥ ಸರಳ ದ್ರವವೂ ಅಲ್ಲ, ನಿಧಾನವಾದಷ್ಟೂ ಮಂದವಾಗುತ್ತದೆ. ಉಪ್ಪಿನಂಶ ಇರುವುದರಿಂದ ಅದರಲ್ಲಿ ವಿದ್ಯುತ್ ಅಲ್ಪಸ್ವಲ್ಪ ಹರಿಯುತ್ತದೆ ನಿಜ. ಆದರೆ ಆಯಸ್ಕಾಂತದ ಪರಿಣಾಮ ಏನಾದರೂ ಇದ್ದರೆ ಅದು ಬ್ರೇಕ್, ಆಕ್ಸಿಲರೇಟರ್ ಅಲ್ಲ! 1.5 ಟೆಸ್ಲಾದ ಎಂಆರ್‌ಐ ಯಂತ್ರದೊಳಗೂ ರಕ್ತ ಎಂದಿನಂತೆ ಹರಿಯುತ್ತದೆ. ಪುಟ್ಟ ಬಳೆ ಏನು ಮಾಡೀತು?

1853ರಲ್ಲಿ ಪ್ರೇತಗಳು ಮೇಜು ತಿರುಗಿಸುತ್ತವೆಂಬ ಸುದ್ದಿ ಹಬ್ಬಿದಾಗ, ಮೇಜನ್ನು ತಳ್ಳುವುದು ಕೂತವರ ಕೈಗಳೇ ಎಂದು ಫ್ಯಾರಡೆ ಪ್ರಯೋಗದಿಂದಲೇ ತೋರಿಸಿದರು. 1867ರಲ್ಲಿ ತೀರಿಕೊಂಡರು.

ಕೈಕಾಲು ಪದೇ ಪದೇ ತಣ್ಣಗಾಗುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಬಳೆಗೆ ದುಡ್ಡು ಸುರಿಯಬೇಡಿ, ವೈದ್ಯರನ್ನು ಕಾಣಿ. ಇದನ್ನು ಮನೆಯ ಹಿರಿಯರಿಗೂ ಕಳಿಸಿ.